ಹುಣ್ಣಿನ ಮೇಲಿನ ಸೂಕ್ಷ್ಮಲೇಪಗಳು

(ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಮಹೋತ್ಸವದ ದಿನಗಳಲ್ಲಿ ಧರ್ಮ, ಸಾಹಿತ್ಯ, ವಿದ್ಯಾಪ್ರಸಾರ ಮೊದಲಾದ ಘನವಾದ ವಿಷಯಗಳನ್ನು ಕುರಿತು ವಿದ್ವಾಂಸರು ಮಾತಾಡಿದ್ದಾರೆ. ನನಗೆ ಅಪ್ಪಣೆಯಾಗಿರುವ ವಿಷಯವು ಅವುಗಳ ಮುಂದೆ ಬಹಳ ಅಲ್ಪವಾದದ್ದೆಂದು ತೋರಬಹುದು. ಚರ್ಮದ ಮೇಲೆ ಏಳುವ ಒಂದು ಕುರು, ಕಾಲಿನಲ್ಲಿ ಆಗುವ ಒಂದು ಹುಣ್ಣು, ಒಲೆಯ ಬೆಂಕಿ ತಗಲಿ ಆದ ಒಂದು ಸುಟ್ಟಗಾಯ. ಅದಕ್ಕೆ ಹಚ್ಚತಕ್ಕ ಒಂದು ಲೇಪ. ಇಷ್ಟೇ ನನ್ನ ವಿಷಯ. ಆದರೆ ಹೊಲದಲ್ಲಿ ದುಡಿಯುವವನ ಕಾಲಿನ ಹುಣ್ಣು ಮಾಯದೆ ಉಳಿದರೆ ಆ ಮನೆಯ ಅನ್ನಕ್ಕೆ ಕೊರತೆ ಬರುವದು. ಹುಣ್ಣಿನ ವಿಷವು ರಕ್ತಕ್ಕೆ ಏರಿದರೆ ಆ ಮನೆಯ ದೀಪವೇ ನಂದುವದು. ಆದಕಾರಣ ಈ ವಿಷಯವು ಅಲ್ಪವಾದದ್ದಲ್ಲವೆಂದು ನಂಬಿ, ತಮ್ಮ ಮುಂದೆ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಹೇಳಬೇಕೆಂದಿರುವದರ ಸಾರಾಂಶವನ್ನು ಮೊದಲೇ ಹೇಳಿಬಿಡುವದು ಒಳ್ಳೇದು. ಔಷಧಗಳಿಗೆ ಮಣಿಯದ ರೋಗಜಂತುಗಳು ಹೆಚ್ಚುತ್ತಿರುವ ಈ ಕಾಲದಲ್ಲಿ, ಅತಿ ಸೂಕ್ಷ್ಮವಾದ ಕಣಗಳಿಂದ ಮಾಡಿದ ಲೇಪಗಳೂ ಪಟ್ಟಿಗಳೂ ನಮಗೆ ಹೊಸದೊಂದು ಸಹಾಯವಾಗಿ ಒದಗಿವೆ. ಈ ಸಹಾಯವು ನಿಜವಾದದ್ದು. ಆದರೆ ಹಿಂದಿನ ಔಷಧಗಳನ್ನು ನಾವು ಯಾವ ಅಲಕ್ಷ್ಯದಿಂದ ಬಳಸಿ ಕೆಡಿಸಿದೆವೋ ಅದೇ ಅಲಕ್ಷ್ಯದಿಂದ ಇದನ್ನೂ ಬಳಸಿದರೆ ಇದೂ ಕೈಬಿಡುವದು. ಹೊಸ ಮದ್ದು ಬಂದಿತೆಂದು ಹಳೆಯ ನಿಯಮಗಳು ತಪ್ಪುವದಿಲ್ಲ.

ಚರ್ಮವು ನಮ್ಮ ದೇಹಕ್ಕೆ ಕೋಟೆಯಂತಿರುವದು. ಅದರ ಹೊರಪದರಿನಲ್ಲಿ ಸತ್ತ ಜೀವಕೋಶಗಳು ಮನೆಯ ಮೇಲಿನ ಹೆಂಚುಗಳಂತೆ ಒಂದರ ಮೇಲೊಂದು ಕೂತು, ನೀರನ್ನೂ ರೋಗಜಂತುಗಳನ್ನೂ ಒಳಗೆ ಬಿಡದೆ ತಡೆಯುವವು. ಈ ಕೋಟೆಯ ಮೇಲೆಯೇ ಅಸಂಖ್ಯಾತ ಸೂಕ್ಷ್ಮಜೀವಿಗಳು ವಾಸಮಾಡಿಕೊಂಡಿರುತ್ತವೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಉಪದ್ರವ ಕೊಡತಕ್ಕವುಗಳಲ್ಲಿ ಮುಖ್ಯವಾದದ್ದು ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯರಾದ ಅಲೆಕ್ಸಾಂಡರ್ ಆಗ್‌ಸ್ಟನ್ನರು 1880ರಲ್ಲಿ ಬಾವಿನ ಕೀವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ, ದುಂಡುದುಂಡಾದ ಜಂತುಗಳು ದ್ರಾಕ್ಷಿಯ ಗೊಂಚಲಿನಂತೆ ಕೂಡಿಕೊಂಡಿರುವದನ್ನು ಕಂಡರು. 1882ರಲ್ಲಿ ಅವರು ಗ್ರೀಕ್ ಭಾಷೆಯ ದ್ರಾಕ್ಷಿಗೊಂಚಲೆಂಬ ಅರ್ಥದ ಶಬ್ದದಿಂದಲೇ ಅದಕ್ಕೆ ಹೆಸರಿಟ್ಟರು. ಬೆಳೆಸಿದಾಗ ಹೊನ್ನಿನ ಬಣ್ಣ ತೋರುವದರಿಂದ ಜರ್ಮನಿಯ ರೋಸೆನ್‌ಬಾಖರು 1884ರಲ್ಲಿ ಆರಿಯಸ್ ಎಂಬ ವಿಶೇಷಣವನ್ನು ಸೇರಿಸಿದರು. ನೂರು ಮಂದಿ ಆರೋಗ್ಯವಂತರಲ್ಲಿ ಸುಮಾರು 30 ಮಂದಿಯ ಮೂಗಿನೊಳಗೆ ಈ ಜಂತುವು ಯಾವ ತೊಂದರೆಯನ್ನೂ ಕೊಡದೆ ಇರುವದುಂಟು. ಮುಳ್ಳು ಚುಚ್ಚಿ, ಚಪ್ಪಲಿ ಕಚ್ಚಿ, ಬೆಂಕಿ ತಗಲಿ ಕೋಟೆಯಲ್ಲಿ ಬಿರುಕು ಬಿದ್ದ ದಿವಸ ಅದು ಒಳಹೊಕ್ಕು ಕುರು, ಕೀವುಬಾವು, ಮಾಯದ ಹುಣ್ಣು ಇವುಗಳನ್ನು ಉಂಟುಮಾಡುವದು.

ಇಂಥ ಹುಣ್ಣಿನಿಂದ ಜನರು ಸಾಯುತ್ತಿದ್ದ ಕಾಲವು ಬಹಳ ಹಿಂದಿನದಲ್ಲ. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದದ್ದು ಇದೇ ಸ್ಟೆಫಿಲೊಕಾಕಸ್ ಜಂತುವನ್ನು ಬೆಳೆಸಿದ ತಟ್ಟೆಯ ಮೇಲೆ ಬೂಸು ಬಿದ್ದುದರಿಂದ. ಆಕ್ಸ್‌ಫರ್ಡಿನ ಫ್ಲೋರಿ, ಚೇನ್ ಮತ್ತು ಅವರ ಸಹೋದ್ಯೋಗಿಗಳು ಆ ಪದಾರ್ಥವನ್ನು ಶುದ್ಧಿಮಾಡಿ, 1941ರ ಫೆಬ್ರುವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೋಲೀಸಿನವನಿಗೆ ಕೊಟ್ಟರು. ಅವನ ಮುಖದ ಮೇಲೆಲ್ಲ ಕೀವು ತುಂಬಿದ ಬಾವುಗಳಾಗಿದ್ದವು. ನಾಲ್ಕೈದು ದಿವಸಗಳಲ್ಲಿ ಜ್ವರವಿಳಿಯಿತು, ಊಟ ಸೇರಿತು. ಆದರೆ ಆಗ ಇದ್ದ ಮದ್ದೆಲ್ಲವೂ ಅಷ್ಟಕ್ಕೇ ತೀರಿಹೋಯಿತು. ಅವನ ಮೂತ್ರದಿಂದ ಅದನ್ನು ಮರಳಿ ತೆಗೆದು ಕೊಟ್ಟರೂ ಸಾಲದಾಗಿ, ಮಾರ್ಚ್ ತಿಂಗಳಲ್ಲಿ ಅವನು ತೀರಿಕೊಂಡನು. ಅಂದು ಮದ್ದು ಸಾಲದೆ ಮನುಷ್ಯನು ಸತ್ತನು. ಇಂದು ಅಂಗಡಿಯ ತುಂಬ ಮದ್ದು ಇದ್ದರೂ ಅದು ಜಂತುವಿಗೆ ತಾಗದೆ ಮನುಷ್ಯನು ಸಾಯುವ ಪ್ರಸಂಗ ಬಂದಿದೆ.

ಇದು ಹೇಗಾಯಿತೆಂದು ತಾವು ಕೇಳಬಹುದು. ಪೆನಿಸಿಲಿನ್ ಬಳಕೆಗೆ ಬಂದ ಸ್ವಲ್ಪ ಕಾಲದಲ್ಲಿಯೇ, ಅಂದರೆ 1942ರಲ್ಲಿಯೇ, ಅದಕ್ಕೆ ಮಣಿಯದ ಸ್ಟೆಫಿಲೊಕಾಕಸ್ ಜಂತುಗಳು ಕಂಡುಬಂದವು. ಅವು ಪೆನಿಸಿಲಿನ್ನನ್ನು ಕತ್ತರಿಸಿ ಹಾಕುವ ಒಂದು ರಸವನ್ನು ಉತ್ಪನ್ನ ಮಾಡುತ್ತಿದ್ದವು. ಈ ರಸಕ್ಕೆ ಬಗ್ಗದ ಮೆಥಿಸಿಲಿನ್ ಎಂಬ ಮದ್ದನ್ನು 1959ರ ಸುಮಾರಿಗೆ ತಯಾರಿಸಿದರು. 1961ರಲ್ಲಿ ಇಂಗ್ಲೆಂಡಿನಿಂದಲೇ ಅದಕ್ಕೂ ಮಣಿಯದ ಜಂತುವಿನ ವರದಿ ಬಂದಿತು. ಈ ಸಾರಿ ಜಂತುವು ಮದ್ದನ್ನು ಕತ್ತರಿಸಲಿಲ್ಲ. ಮದ್ದು ಹೋಗಿ ಹಿಡಿಯತಕ್ಕ ಜಾಗವನ್ನೇ ಬದಲಾಯಿಸಿಕೊಂಡಿತು. ಕಳ್ಳನ ಕೀಲಿಕೈ ತಾಗಬಾರದೆಂದು ಮನೆಯವನು ಬಾಗಿಲಿನ ಕೀಲಿಯನ್ನೇ ಬದಲಿಸಿದಂತೆ. ಇದನ್ನೇ ವೈದ್ಯರು ಎಂ.ಆರ್.ಎಸ್.ಎ. ಎಂದು ಕರೆಯುವರು. ಕೊನೆಯ ಅಸ್ತ್ರವೆಂದು ಇಟ್ಟುಕೊಂಡಿದ್ದ ವ್ಯಾಂಕೊಮೈಸಿನ್ನಿಗೂ ಪೂರ್ಣವಾಗಿ ಮಣಿಯದ ಜಂತುವು 2002ರಲ್ಲಿ ಅಮೇರಿಕದ ಮಿಷಿಗನ್ ಪ್ರಾಂತದಲ್ಲಿ ದೊರೆಯಿತು. ಅದು ದೊರೆತದ್ದು ಮಧುಮೇಹವೂ ಕಾಲಿನ ಹಳೆಯ ಹುಣ್ಣೂ ಇದ್ದ ಒಬ್ಬ ರೋಗಿಯಲ್ಲಿ ಎಂಬದನ್ನು ನಾವು ಮನಸ್ಸಿನಲ್ಲಿಡತಕ್ಕದ್ದು.

ಫ್ಲೆಮಿಂಗರು ಇದನ್ನು ಮೊದಲೇ ಅರಿತಿದ್ದರು. 1945ರ ಡಿಸೆಂಬರದಲ್ಲಿ ನೋಬೆಲ್ ಪಾರಿತೋಷಕವನ್ನು ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಅವರು ಒಬ್ಬ ಕಲ್ಪಿತ ಗೃಹಸ್ಥನ ಕಥೆಯನ್ನು ಹೇಳಿದರು. ಗಂಟಲು ನೋವೆಂದು ಅವನು ತಾನಾಗಿಯೇ ಪೆನಿಸಿಲಿನ್ ಕೊಂಡು ಅರೆಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾನೆ. ಜಂತುಗಳು ಸಾಯುವದಿಲ್ಲ, ಮದ್ದನ್ನು ಎದುರಿಸಲು ಕಲಿಯುತ್ತವೆ. ಆ ಕಲಿತ ಜಂತುಗಳು ಅವನ ಹೆಂಡತಿಗೆ ತಗಲಿ, ಆಕೆಗೆ ಮದ್ದು ನಡೆಯದೆ ಆಕೆ ಸಾಯುತ್ತಾಳೆ. ಅಲಕ್ಷ್ಯ ಮಾಡಿದವನು ಒಬ್ಬ, ಫಲವನ್ನು ಉಂಡವರು ಮತ್ತೊಬ್ಬರು. ಈ ಕಥೆಯು ಇಂದು ಜಗತ್ತಿನ ಲೆಕ್ಕವಾಗಿ ಪರಿಣಮಿಸಿದೆ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಗಣನೆಯ ಮೇರೆಗೆ, 2019ರಲ್ಲಿ ಲೋಕದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನರು ಮದ್ದಿಗೆ ಮಣಿಯದ ಬ್ಯಾಕ್ಟೀರಿಯಾಗಳ ಕಾರಣದಿಂದಲೇ ಮೃತರಾದರು. ಅದರಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟ ಸಾವುಗಳು ಎಂ.ಆರ್.ಎಸ್.ಎ. ಒಂದರಿಂದಲೇ ಆದವು.

ಇನ್ನು ಲೇಪಗಳ ವಿಚಾರಕ್ಕೆ ಬರೋಣ. ಹುಣ್ಣು ಚರ್ಮದ ಮೇಲೆ ಇರುವಾಗ ಮದ್ದನ್ನು ಹೊಟ್ಟೆಗೆ ಕೊಡುವದಕ್ಕಿಂತ ಹುಣ್ಣಿನ ಮೇಲೆಯೇ ಹಚ್ಚುವದರಲ್ಲಿ ಕೆಲವು ಅನುಕೂಲಗಳುಂಟು. ನುಂಗಿದ ಮದ್ದು ಮೈಯೆಲ್ಲ ಸುತ್ತಿ, ಹೊಟ್ಟೆಯಲ್ಲಿರುವ ಉಪಕಾರಿಯಾದ ಸೂಕ್ಷ್ಮಜೀವಿಗಳನ್ನೂ ಹಾಳುಮಾಡಿ, ಕೊನೆಗೆ ಹುಣ್ಣನ್ನು ಸೇರಬೇಕು. ಮಧುಮೇಹದವರ ಪಾದದಲ್ಲಿಯೂ ಆಳವಾದ ಸುಟ್ಟಗಾಯದಲ್ಲಿಯೂ ರಕ್ತದ ಓಡಾಟವೇ ಕಡಿಮೆ. ಕಾಲುವೆ ಬತ್ತಿದ ಹೊಲಕ್ಕೆ ಕೆರೆಯ ನೀರು ಹೋಗದಂತೆ, ನುಂಗಿದ ಮದ್ದು ಅಲ್ಲಿಗೆ ಸಾಕಷ್ಟು ಮುಟ್ಟುವದಿಲ್ಲ. ಲೇಪವಾದರೋ ನೇರವಾಗಿ ಅಲ್ಲಿಯೇ ನಿಲ್ಲುವದು. ಆದರೆ ಹಳೆಯ ಲೇಪಗಳಿಗೂ ಎರಡು ವಿಘ್ನಗಳು ಬಂದಿವೆ. ಮೊದಲನೆಯದು, ಮುಪಿರೋಸಿನ್, ಫ್ಯುಸಿಡಿಕ್ ಆಮ್ಲ ಮೊದಲಾದ ಲೇಪದ ಮದ್ದುಗಳಿಗೂ ಕೆಲವು ಜಂತುಗಳು ಮಣಿಯದಾಗಿವೆ. ಎರಡನೆಯದು, ಹಳೆಯ ಹುಣ್ಣುಗಳಲ್ಲಿ ಜಂತುಗಳು ಬಿಡಿಬಿಡಿಯಾಗಿ ಇರುವದಿಲ್ಲ. ಬಾವಿಯ ಮೆಟ್ಟಿಲಿಗೆ ಪಾಚಿ ಹಿಡಿದಂತೆ, ಅವು ತಮ್ಮದೇ ಲೋಳೆಯ ಪೊರೆಯನ್ನು ಹೊದ್ದುಕೊಂಡು ಅದರೊಳಗೆ ಗುಂಪಾಗಿರುತ್ತವೆ. ಆ ಪೊರೆಯೊಳಕ್ಕೆ ಮದ್ದು ಸುಲಭವಾಗಿ ಇಳಿಯುವದಿಲ್ಲ.

ಈ ವಿಘ್ನಗಳನ್ನು ದಾಟುವದಕ್ಕಾಗಿ ವಿಜ್ಞಾನಿಗಳು ನ್ಯಾನೋ ಕಣಗಳನ್ನು ಆಶ್ರಯಿಸಿದರು. ನ್ಯಾನೋ ಎಂಬದು ಗ್ರೀಕ್ ಭಾಷೆಯಲ್ಲಿ ಕುಬ್ಜನೆಂಬ ಅರ್ಥವುಳ್ಳ ಶಬ್ದದಿಂದ ಬಂದದ್ದು. ಒಂದು ಮೀಟರನ್ನು 100 ಕೋಟಿ ಭಾಗ ಮಾಡಿದರೆ ಒಂದು ಭಾಗವು ಒಂದು ನ್ಯಾನೋಮೀಟರ್. ನಮ್ಮ ತಲೆಯ ಒಂದು ಕೂದಲಿನ ದಪ್ಪವು ಸುಮಾರು 80,000 ನ್ಯಾನೋಮೀಟರ್. ಸ್ಟೆಫಿಲೊಕಾಕಸ್ ಜಂತುವಿನ ಅಗಲವು ಸುಮಾರು 1,000 ನ್ಯಾನೋಮೀಟರ್. ನಾವು ಹೇಳುವ ಕಣಗಳು 1ರಿಂದ 100 ನ್ಯಾನೋಮೀಟರಿನೊಳಗಿನವು. ಜಂತುವು ಒಂದು ಗೇಣುದ್ದದ ಕುಂಬಳಕಾಯಿಯಷ್ಟಿದೆಯೆಂದು ಭಾವಿಸಿದರೆ, 10 ನ್ಯಾನೋಮೀಟರಿನ ಕಣವು ಅದರ ಪಕ್ಕದಲ್ಲಿ ಸಾಸಿವೆಯ ಕಾಳಿನಷ್ಟಿರುವದು.

ಇಷ್ಟು ಚಿಕ್ಕದಾಗುವದರಿಂದ ಏನು ಲಾಭ? ಬೆಲ್ಲದ ಅಚ್ಚನ್ನು ಇಡಿಯಾಗಿ ನೀರಿಗೆ ಹಾಕಿದರೆ ಕರಗಲು ಬಹಳ ಹೊತ್ತು ಬೇಕು. ಕುಟ್ಟಿ ಪುಡಿಮಾಡಿ ಹಾಕಿದರೆ ಕ್ಷಣದಲ್ಲಿ ಕರಗುವದು. ಪದಾರ್ಥವು ಅಷ್ಟೇ, ತೂಕವು ಅಷ್ಟೇ. ನೀರಿಗೆ ತಾಗುವ ಮೈ ಮಾತ್ರ ಹೆಚ್ಚಾಯಿತು. ಒಂದು ಸೆಂಟಿಮೀಟರ್ ಉದ್ದಗಲ ಎತ್ತರವುಳ್ಳ ಬೆಳ್ಳಿಯ ತುಂಡಿನ ಹೊರಮೈಯು 6 ಚದರ ಸೆಂಟಿಮೀಟರ್. ಅದೇ ತುಂಡನ್ನು 10 ನ್ಯಾನೋಮೀಟರಿನ ತುಣುಕುಗಳಾಗಿ ಕತ್ತರಿಸುವದು ಸಾಧ್ಯವಾದರೆ ಎಲ್ಲವುಗಳ ಹೊರಮೈಯು ಕೂಡಿ 600 ಚದರ ಮೀಟರ್ ಆಗುವದು. ಚಿಟಿಕೆಯಷ್ಟು ಲೋಹದಿಂದ ವಿಶಾಲವಾದ ಕೆಲಸವಾಗುವದಕ್ಕೆ ಇದೇ ಕಾರಣ.

ಬೆಳ್ಳಿಯ ಮಾತು ಬಂದದ್ದು ಅಕಸ್ಮಾತ್ತಲ್ಲ. ಬೆಳ್ಳಿಯು ಗಾಯಕ್ಕೆ ಮದ್ದಾಗಿ ಬಹುಕಾಲದಿಂದ ಬಳಕೆಯಲ್ಲಿದೆ. 1880ರ ಸುಮಾರಿಗೆ ಜರ್ಮನಿಯ ಲೈಪ್‌ಜಿಗ್ ನಗರದ ಕ್ರೇಡೆ ಎಂಬ ವೈದ್ಯರು ಹಸುಗೂಸುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಹನಿ ಹಾಕಿ, ಸೋಂಕಿನಿಂದ ಬರುತ್ತಿದ್ದ ಕುರುಡುತನವನ್ನು ತಡೆದರು. 1968ರಲ್ಲಿ ಅಮೇರಿಕದ ಚಾರ್ಲ್ಸ್ ಫಾಕ್ಸರು ಬೆಳ್ಳಿಗೆ ಸಲ್ಫಾ ಮದ್ದನ್ನು ಕೂಡಿಸಿ ಮಾಡಿದ ಸಿಲ್ವರ್ ಸಲ್ಫಡಯಾಜಿನ್ ಎಂಬ ಬಿಳಿಯ ಲೇಪವು ಸುಟ್ಟಗಾಯಗಳಿಗೆ ಇಂದಿಗೂ ಬಳಕೆಯಲ್ಲಿದೆ. ಆದರೆ ಬೆಳ್ಳಿಯ ಹಳೆಯ ದ್ರಾವಣಗಳಿಗೆ ಒಂದು ಕೊರತೆಯಿತ್ತು. ಗಾಯದ ರಸದಲ್ಲಿರುವ ಉಪ್ಪು ಮತ್ತು ಪ್ರೋಟೀನುಗಳು ಬೆಳ್ಳಿಯನ್ನು ಬೇಗನೆ ಹಿಡಿದು ನಿಷ್ಫಲಮಾಡುತ್ತಿದ್ದವು. ಆದ್ದರಿಂದ ದಿನಕ್ಕೆ ಹಲವು ಸಾರಿ ಪಟ್ಟಿಯನ್ನು ನೆನಸಬೇಕಾಗುತ್ತಿತ್ತು. ಸುಟ್ಟ ರೋಗಿಗೆ ಪ್ರತಿ ಸಾರಿಯೂ ಯಾತನೆ. 1990ರ ದಶಕದಲ್ಲಿ ಕೆನಡಾ ದೇಶದ ರಾಬರ್ಟ್ ಬರೆಲ್ಲರು ಬೆಳ್ಳಿಯ ನ್ಯಾನೋ ಹರಳುಗಳನ್ನು ಲೇಪಿಸಿದ ಪಟ್ಟಿಯನ್ನು ಸಿದ್ಧಪಡಿಸಿದರು. ಇದು ಬೆಳ್ಳಿಯನ್ನು ಒಮ್ಮೆಲೇ ಸುರಿಯದೆ ಸ್ವಲ್ಪಸ್ವಲ್ಪವಾಗಿ ಬಿಡುವದರಿಂದ ಒಂದೇ ಪಟ್ಟಿಯನ್ನು ಕೆಲವು ದಿವಸಗಳ ವರೆಗೆ ಇಡಬಹುದು. ಯಾತನೆ ಕಡಿಮೆಯಾದದ್ದೇ ರೋಗಿಗೆ ದೊಡ್ಡ ಉಪಕಾರ.

ಬೆಳ್ಳಿಯ ಕಣವು ಜಂತುವನ್ನು ಕೊಲ್ಲುವ ರೀತಿಯೇ ಅದರ ವಿಶೇಷ. ಪೆನಿಸಿಲಿನ್ ಜಂತುವಿನ ಒಂದೇ ಮರ್ಮಸ್ಥಾನಕ್ಕೆ ಹೊಡೆಯುವದು. ಬೆಳ್ಳಿಯ ಕಣದಿಂದ ಹೊರಟ ಅಯಾನುಗಳು ಏಕಕಾಲದಲ್ಲಿ ಅನೇಕ ಕಡೆ ಹೊಡೆಯುತ್ತವೆ: ಹೊರಪೊರೆಯನ್ನು ತೂತುಮಾಡುತ್ತವೆ, ಗಂಧಕವುಳ್ಳ ಪ್ರೋಟೀನುಗಳಿಗೆ ಅಂಟಿಕೊಂಡು ಉಸಿರಾಟದ ಯಂತ್ರವನ್ನು ನಿಲ್ಲಿಸುತ್ತವೆ, ಒಳಗೆ ಉರಿಯಂಥ ತೀಕ್ಷ್ಣವಾದ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತವೆ. ನಾಲ್ಕು ಬಾಗಿಲುಗಳಿಗೆ ಒಟ್ಟಿಗೇ ಮುತ್ತಿಗೆ ಬಿದ್ದಾಗ ಕೋಟೆಯವನಿಗೆ ಒಂದು ಕೀಲಿಯನ್ನು ಬದಲಿಸಿ ಪ್ರಯೋಜನವಿಲ್ಲ. ಎಂ.ಆರ್.ಎಸ್.ಎ. ಮೇಲೆಯೂ ಬೆಳ್ಳಿಯು ನಡೆಯುವದಕ್ಕೆ ಇದೇ ಕಾರಣ.

ಬೆಳ್ಳಿಯೊಂದೇ ಅಲ್ಲದೆ ಬೇರೆ ಮಾರ್ಗಗಳೂ ಇವೆ. ಸತುವಿನ ಆಕ್ಸೈಡ್ ಮತ್ತು ತಾಮ್ರದ ಕಣಗಳನ್ನು ಪರೀಕ್ಷಿಸುತ್ತಿದ್ದಾರೆ. ಸೀಗಡಿಯ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ಎಂಬ ಪದಾರ್ಥದ ಕಣಗಳು ಧನ ವಿದ್ಯುತ್ತುಳ್ಳವು. ಜಂತುವಿನ ಹೊರಮೈ ಋಣ ವಿದ್ಯುತ್ತುಳ್ಳದ್ದು. ಆದಕಾರಣ ಎರಡೂ ಆಕರ್ಷಿಸಲ್ಪಡುತ್ತವೆ. ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ಹಳೆಯ ಮದ್ದುಗಳನ್ನೇ ತುಂಬಿ ಲೋಳೆಯ ಪೊರೆಯೊಳಕ್ಕೆ ಸಾಗಿಸುವ ಪ್ರಯತ್ನವೂ ನಡೆದಿದೆ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2009ರಲ್ಲಿ ನೈಟ್ರಿಕ್ ಆಕ್ಸೈಡ್ ಅನಿಲವನ್ನು ನಿಧಾನವಾಗಿ ಬಿಡುವ ಕಣಗಳನ್ನು ಇಲಿಗಳ ಎಂ.ಆರ್.ಎಸ್.ಎ. ಗಾಯಗಳ ಮೇಲೆ ಹಚ್ಚಿ, ಗಾಯಗಳು ಬೇಗ ಮಾಯ್ದವೆಂದು ಪ್ರಕಟಿಸಿದರು. ನಮ್ಮ ನೆರೆಯ ಪುಣೆಯ ಆಘಾರಕರ ಸಂಶೋಧನ ಸಂಸ್ಥೆಯವರೂ ಅದೇ 2009ರಲ್ಲಿ ಬೆಳ್ಳಿಯ ನ್ಯಾನೋ ಕಣಗಳ ಲೇಪವೊಂದನ್ನು ಸಿದ್ಧಪಡಿಸಿದ ವರದಿಯನ್ನು ಪ್ರಕಟಿಸಿದರು. ಈ ವಿದ್ಯೆಯು ದೂರದೇಶದವರ ಸೊತ್ತು ಮಾತ್ರವಲ್ಲವೆಂಬದಕ್ಕೆ ಇದು ಸಾಕ್ಷಿ.

ಇಷ್ಟನ್ನು ಕೇಳಿದ ಮೇಲೆ, ಇನ್ನೇಕೆ ಚಿಂತೆ, ಬೆಳ್ಳಿಯ ಲೇಪವನ್ನು ತಂದು ಹಚ್ಚಿದರಾಯಿತು ಎಂದು ಯಾರಾದರೂ ಹೇಳಬಹುದು. ಇಲ್ಲಿಯೇ ನಾವು ಸ್ವಲ್ಪ ನಿಂತು ವಿಚಾರ ಮಾಡತಕ್ಕದ್ದು. ಗಾಜಿನ ತಟ್ಟೆಯಲ್ಲಿ ಜಂತು ಸಾಯುವದು ಒಂದು ಮಾತು, ಇಲಿಯ ಗಾಯ ಮಾಯುವದು ಎರಡನೆಯ ಮಾತು, ಮನುಷ್ಯನ ಹುಣ್ಣು ಮಾಯುವದು ಮೂರನೆಯ ಮಾತು. ಮೊದಲಿನ ಎರಡರಿಂದ ಮೂರನೆಯದು ತಾನಾಗಿ ಸಿದ್ಧಿಸುವದಿಲ್ಲ. ಇಂಗ್ಲೆಂಡಿನಲ್ಲಿ ಕಾಲಿನ ರಕ್ತನಾಳದ ಹುಣ್ಣುಳ್ಳ 213 ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಬೆಳ್ಳಿಯ ಪಟ್ಟಿಯನ್ನೂ ಮತ್ತೊಂದಕ್ಕೆ ಸಾಧಾರಣ ಪಟ್ಟಿಯನ್ನೂ ಕಟ್ಟಿ ನೋಡಿದರು. 2009ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಹುಣ್ಣು ಮಾಯುವದರಲ್ಲಿ ಗಣನೀಯವಾದ ಅಂತರ ಕಾಣಲಿಲ್ಲ. ಬೆಳ್ಳಿಯ ಪಟ್ಟಿ, ಲೇಪಗಳ ಮೇಲೆ ನಡೆದ ಅನೇಕ ಪರೀಕ್ಷೆಗಳನ್ನು 2010ರಲ್ಲಿ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಂಘದವರು, ಇವು ಗಾಯ ಮಾಯಿಸುತ್ತವೆ ಅಥವಾ ಸೋಂಕನ್ನು ತಡೆಯುತ್ತವೆ ಎನ್ನಲು ಸಾಕಷ್ಟು ಪ್ರಮಾಣವಿಲ್ಲವೆಂದು ತೀರ್ಪಿತ್ತರು. ಇದರ ಅರ್ಥ ಬೆಳ್ಳಿಯು ವ್ಯರ್ಥವೆಂದಲ್ಲ. ಸೋಂಕು ತಗಲಿದ ಗಾಯದಲ್ಲಿ, ಸುಟ್ಟಗಾಯದಲ್ಲಿ, ವೈದ್ಯರು ಆರಿಸಿದ ಕಾಲಕ್ಕೆ ಅದು ಕೆಲಸಕ್ಕೆ ಬರುವದು. ಸೋಂಕಿಲ್ಲದ ಪ್ರತಿಯೊಂದು ಹುಣ್ಣಿಗೂ ಕಟ್ಟುವದರಿಂದ ಹಣವು ಮಾತ್ರ ವೆಚ್ಚವಾಗುವದು.

ಅಪಾಯಗಳೂ ಇಲ್ಲದಿಲ್ಲ. ಜಂತುವನ್ನು ಕೊಲ್ಲುವ ಕಣವು ನಮ್ಮ ಚರ್ಮದ ಎಳೆಯ ಜೀವಕೋಶಗಳನ್ನೂ ಬಾಧಿಸಬಲ್ಲದು. ಪ್ರಮಾಣ ಮೀರಿದರೆ ಮಾಯತಕ್ಕ ಗಾಯವು ಮಾಯದೆ ನಿಲ್ಲುವದು. ಮುರಿಯದ ಚರ್ಮದೊಳಗೆ ಈ ಕಣಗಳು ಬಹಳ ಇಳಿಯುವದಿಲ್ಲವಾದರೂ, ವಿಶಾಲವಾಗಿ ಸುಟ್ಟ ಮೈಯಿಂದ ಬೆಳ್ಳಿಯು ರಕ್ತಕ್ಕೆ ಸೇರಬಹುದು. ಇನ್ನು ಕೆಲವರು ಬೆಳ್ಳಿಯ ನೀರನ್ನು ಸರ್ವರೋಗನಿವಾರಕವೆಂದು ಮಾರುತ್ತಾರೆ; ಅದನ್ನು ಕುಡಿಯುವವರೂ ಇದ್ದಾರೆ. ಬಹುದಿನ ಕುಡಿದವರ ಚರ್ಮವು ಬೂದುನೀಲಿಯ ಬಣ್ಣಕ್ಕೆ ತಿರುಗಿ ಹಾಗೆಯೇ ಉಳಿಯುವದುಂಟು. ಅಮೇರಿಕದ ಔಷಧ ನಿಯಂತ್ರಣದ ಇಲಾಖೆಯವರು 1999ರಲ್ಲಿಯೇ, ವೈದ್ಯರ ಚೀಟಿಯಿಲ್ಲದೆ ಮಾರುವ ಇಂಥ ಬೆಳ್ಳಿಯ ಮದ್ದುಗಳು ಸುರಕ್ಷಿತವೆಂದೂ ಗುಣಕಾರಿಯೆಂದೂ ಮಾನ್ಯವಾಗಿಲ್ಲವೆಂದು ವಿಧಿಸಿದರು. ಗಾಯಕ್ಕೆ ಹಚ್ಚುವ ಪದಾರ್ಥವನ್ನು ಹೊಟ್ಟೆಗೆ ಹಾಕಿಕೊಳ್ಳತಕ್ಕದ್ದಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯವು, ಜಂತುಗಳು ಬೆಳ್ಳಿಯನ್ನೂ ಎದುರಿಸಲು ಕಲಿಯುವದು. ನಾಲ್ಕು ಬಾಗಿಲಿನ ಮುತ್ತಿಗೆಯನ್ನು ತಡೆಯುವದು ಕಷ್ಟವೆಂದು ಈಗ ತಾನೇ ಹೇಳಿದೆನು. ಕಷ್ಟವೇ ಹೊರತು ಅಸಾಧ್ಯವಲ್ಲ. ಅಮೇರಿಕದ ಬಾಸ್ಟನ್ ನಗರದ ಒಂದು ಆಸ್ಪತ್ರೆಯ ಸುಟ್ಟಗಾಯದ ವಿಭಾಗದಲ್ಲಿ ಸಿಲ್ವರ್ ನೈಟ್ರೇಟಿಗೆ ಮಣಿಯದ ಸಾಲ್ಮೊನೆಲ್ಲಾ ಜಂತುವು ಕಂಡುಬಂದ ವರದಿಯು 1975ರಲ್ಲಿಯೇ ಪ್ರಕಟವಾಯಿತು. ಬೆಳ್ಳಿಯನ್ನು ಹಿಡಿದು ಹೊರಕ್ಕೆ ತಳ್ಳುವ ಗುಣವನ್ನು ಆ ಜಂತುವಿಗೆ ಕೊಡುವ ಜೀನುಗಳನ್ನು 1999ರಲ್ಲಿ ವಿವರಿಸಿದರು. ಅವು ಒಂದು ಜಂತುವಿನಿಂದ ಮತ್ತೊಂದಕ್ಕೆ ದಾಟಬಲ್ಲ ಪ್ಲಾಸ್ಮಿಡ್ ಎಂಬ ಬಳೆಯಂಥ ತುಣುಕಿನ ಮೇಲೆ ಇದ್ದವು. ನ್ಯಾನೋ ಕಣಗಳಿಗಾದರೂ ಈ ಭಯವಿಲ್ಲವೆಂದು ಹಲವರು ನಂಬಿದ್ದರು. 2018ರಲ್ಲಿ ಚೆಕ್ ದೇಶದ ಓಲೊಮೌಟ್ಸ್ ನಗರದ ವಿಜ್ಞಾನಿಗಳು ಆ ನಂಬಿಕೆಯನ್ನು ಪರೀಕ್ಷಿಸಿದರು. ಸಾಯುವಷ್ಟಲ್ಲದ ಪ್ರಮಾಣದಲ್ಲಿ ಬೆಳ್ಳಿಯ ಕಣಗಳನ್ನು ಮತ್ತೆಮತ್ತೆ ಕೊಟ್ಟಾಗ, ಈ. ಕೊಲೈ ಮತ್ತು ಸ್ಯೂಡೊಮೊನಾಸ್ ಎಂಬ ಜಂತುಗಳು ಫ್ಲಾಜೆಲಿನ್ ಎಂಬ ಅಂಟಿನಂಥ ಪ್ರೋಟೀನನ್ನು ಹೊರಬಿಟ್ಟು, ಕಣಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ ಮುದ್ದೆಮಾಡಿದವು. ಪುಡಿಯಾಗಿದ್ದ ಬೆಲ್ಲವು ಮತ್ತೆ ಅಚ್ಚಾದಂತೆ ಆಯಿತು. ಕಣದ ಬಲವು ಹೋಯಿತು. ಅದೇ ವಿಜ್ಞಾನಿಗಳು ದಾಳಿಂಬೆಯ ಸಿಪ್ಪೆಯ ಸಾರದಿಂದ ಆ ಅಂಟಿನ ಉತ್ಪತ್ತಿಯನ್ನು ತಡೆದರೆ ಕಣಗಳು ಮರಳಿ ಬಲ ಪಡೆಯುತ್ತವೆಂದೂ ತೋರಿಸಿದರು. ಇದು ಪ್ರಯೋಗಶಾಲೆಯ ಮಾತು. ಮನೆಯಲ್ಲಿ ಸಿಪ್ಪೆಯನ್ನು ಅರೆದು ಹುಣ್ಣಿಗೆ ಮೆತ್ತಿರೆಂದು ಯಾರೂ ಇದರಿಂದ ಅರ್ಥಮಾಡಿಕೊಳ್ಳಬಾರದು. ನಾವು ಗ್ರಹಿಸತಕ್ಕದ್ದು ಬೇರೆ. ಅರೆಪ್ರಮಾಣದ ಮದ್ದು ಜಂತುವಿಗೆ ಗುರುವಾಗುವದೆಂದು ಫ್ಲೆಮಿಂಗರು 1945ರಲ್ಲಿ ಪೆನಿಸಿಲಿನ್ನಿನ ಬಗ್ಗೆ ಹೇಳಿದ ಮಾತು ನ್ಯಾನೋ ಕಣಕ್ಕೂ ಸಲ್ಲುವದು.

ಹಾಗಾದರೆ ನಾವು ಮಾಡತಕ್ಕದ್ದೇನು? ಈ ಸಭೆಯಲ್ಲಿ ಗೃಹಸ್ಥರೂ ತಾಯಂದಿರೂ ಪ್ರಸಾದನಿಲಯಗಳಲ್ಲಿದ್ದು ಓದುವ ಹುಡುಗರೂ ಇರುವದರಿಂದ ಅವರವರಿಗೆ ಬೇಕಾದಷ್ಟನ್ನು ಹೇಳುತ್ತೇನೆ.

ಮೊದಲನೆಯದಾಗಿ ಹುಡುಗರಿಗೆ. ಈ ರೋಗಜಂತುವು ಮೈಯಿಂದ ಮೈಗೆ, ಟವೆಲಿನಿಂದ ಟವೆಲಿಗೆ ದಾಟುವದು. ಅಮೇರಿಕದ ಒಂದು ವೃತ್ತಿಪರ ಫುಟ್‌ಬಾಲ್ ತಂಡದಲ್ಲಿ 2003ರಲ್ಲಿ 58 ಮಂದಿ ಆಟಗಾರರಲ್ಲಿ 5 ಮಂದಿಗೆ ಎಂ.ಆರ್.ಎಸ್.ಎ. ಬಾವುಗಳಾದವು. ವಿಚಾರಿಸಿದಾಗ ತರಚುಗಾಯಗಳ ಮೂಲಕ ಜಂತು ಹೊಕ್ಕಿದ್ದೂ, ಆಟಗಾರರು ಟವೆಲುಗಳನ್ನು ಹಂಚಿಕೊಂಡು ಬಳಸುತ್ತಿದ್ದದ್ದೂ ತಿಳಿದುಬಂದವು. ಗರಡಿಯಲ್ಲಿ ಕುಸ್ತಿ ಮಾಡುವವರಿಗೂ ಒಂದೇ ಕೋಣೆಯಲ್ಲಿ ಮಲಗುವವರಿಗೂ ಇದು ಪಾಠವಾಗತಕ್ಕದ್ದು. ಒಬ್ಬರ ಟವೆಲು, ಕ್ಷೌರದ ಅಲಗು, ಹಾಸಿಗೆಯ ಹೊದಿಕೆಗಳನ್ನು ಮತ್ತೊಬ್ಬರು ಬಳಸಬಾರದು. ತರಚಿದ ಗಾಯವನ್ನು ಸಾಬೂನು ಹಚ್ಚಿ ಶುದ್ಧವಾದ ನೀರಿನಿಂದ ತೊಳೆದು ಮುಚ್ಚಬೇಕು. ಕುರುವನ್ನು ಹಿಸುಕಬಾರದು. ಕೀವು ತುಂಬಿದ ಬಾವಿಗೆ ಮುಖ್ಯವಾದ ಚಿಕಿತ್ಸೆಯು ವೈದ್ಯರು ಶಸ್ತ್ರದಿಂದ ಸೀಳಿ ಕೀವನ್ನು ತೆಗೆಯುವದೇ ಆಗಿದೆ. ಕೀವನ್ನು ಒಳಗೆ ಬಿಟ್ಟು ಮೇಲೆ ಎಂಥ ಸೂಕ್ಷ್ಮವಾದ ಲೇಪವನ್ನು ಹಚ್ಚಿದರೂ ವ್ಯರ್ಥ.

ಎರಡನೆಯದಾಗಿ ಮಧುಮೇಹವುಳ್ಳ ಹಿರಿಯರಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಗಣನೆಯ ಪ್ರಕಾರ, ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಈ ರೋಗವಿದೆ. ಇದು ಬಹುಕಾಲ ಇದ್ದವರಿಗೆ ಪಾದದ ಸ್ಪರ್ಶಜ್ಞಾನವು ಕುಂದುವದು. ಮುಳ್ಳು ಮುರಿದದ್ದು ತಿಳಿಯುವದಿಲ್ಲ, ಬಿಸಿಲಿಗೆ ಕಾದ ಕಲ್ಲು ಸುಟ್ಟದ್ದು ತಿಳಿಯುವದಿಲ್ಲ. ನೋವಿಲ್ಲವೆಂದು ಬಿಟ್ಟ ಹುಣ್ಣು ಎಲುಬಿಗಿಳಿದು ಕಾಲನ್ನೇ ಕತ್ತರಿಸಬೇಕಾದ ಪ್ರಸಂಗಗಳು ಉಂಟು. ಪ್ರತಿದಿನ ರಾತ್ರಿ ದೀಪದ ಬೆಳಕಿನಲ್ಲಿ ಎರಡೂ ಪಾದಗಳನ್ನು, ಬೆರಳುಗಳ ಸಂದುಗಳನ್ನು ನೋಡಿಕೊಳ್ಳಿರಿ. ಕಣ್ಣು ಮಂದವಾಗಿದ್ದರೆ ಮೊಮ್ಮಕ್ಕಳಿಂದ ನೋಡಿಸಿರಿ. ಬರಿಗಾಲಿನಲ್ಲಿ ನಡೆಯಬೇಡಿರಿ. ಹುಣ್ಣು ಕಂಡ ದಿವಸವೇ ವೈದ್ಯರಿಗೆ ತೋರಿಸಿರಿ. ಹುಣ್ಣಿನ ಸುತ್ತಲೂ ಕೆಂಪು ಹರಡಿದರೆ, ಚಳಿಜ್ವರ ಬಂದರೆ, ಪಾದ ಕಪ್ಪಾದರೆ ಲೇಪವನ್ನು ನಂಬಿ ಕೂರಬಾರದು. ಆಗ ಆಸ್ಪತ್ರೆಯೇ ಗತಿ.

ಮೂರನೆಯದಾಗಿ ಮನೆಯ ಯಜಮಾನರಿಗೂ ತಾಯಂದಿರಿಗೂ. ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ಎಲ್ಲ ಹುಣ್ಣಿಗೂ ಹಚ್ಚುವ ಅಭ್ಯಾಸವನ್ನು ಬಿಡಬೇಕು. ಅಂಥ ಮುಲಾಮುಗಳಲ್ಲಿ ಕೆಲವಕ್ಕೆ ಸ್ಟಿರಾಯ್ಡ್ ಬೆರಸಿರುತ್ತಾರೆ. ಅದು ಉರಿಯನ್ನು ಅಡಗಿಸಿ ರೋಗವನ್ನು ಒಳಗೇ ಬೆಳೆಸುವದು. ಆಂಟಿಬಯಾಟಿಕ್ ಮದ್ದಿನ ಕಟ್ಟಿನ ಮೇಲೆ ಉದ್ದಕ್ಕೆ ಕೆಂಪುಗೆರೆಯೊಂದು ಇರುವದನ್ನು ತಾವು ನೋಡಿರಬಹುದು. ಅದರ ತಿಳುವಳಿಕೆಗಾಗಿ ಭಾರತ ಸರಕಾರವು 2016ರಲ್ಲಿ ಪ್ರಚಾರವನ್ನು ಆರಂಭಿಸಿತು. ವೈದ್ಯರ ಚೀಟಿಯಿಲ್ಲದೆ ಇದನ್ನು ಕೊಳ್ಳಬಾರದೆಂಬದೇ ಆ ಗೆರೆಯ ಅರ್ಥ. ವೈದ್ಯರು ಹೇಳಿದ ಪ್ರಮಾಣವನ್ನು ಹೇಳಿದಷ್ಟು ದಿವಸ ತೆಗೆದುಕೊಳ್ಳಿರಿ. ಉಳಿದ ಮಾತ್ರೆಯನ್ನು ನೆರೆಮನೆಯವರಿಗೆ ಕೊಡುವದು ದಾನವಲ್ಲ. ಬೆಳ್ಳಿಯ ಪಟ್ಟಿಯಾಗಲಿ ನ್ಯಾನೋ ಲೇಪವಾಗಲಿ ವೈದ್ಯರು ಬೇಕೆಂದಾಗ ಹಚ್ಚಿರಿ, ಸಾಕೆಂದಾಗ ನಿಲ್ಲಿಸಿರಿ.

ಮಹನೀಯರೇ, ಮದ್ದು ಒಬ್ಬನ ಹಣದಿಂದ ಕೊಂಡದ್ದಾದರೂ ಅದರ ಬಲವು ಒಬ್ಬನ ಸೊತ್ತಲ್ಲ. ಊರ ಕೆರೆಯ ನೀರಿನಂತೆ ಅದು ಎಲ್ಲರಿಗೂ ಸೇರಿದ್ದು. ಒಬ್ಬನು ಅದನ್ನು ಕಲಕಿದರೆ ಕೆಳಗಿನ ಗದ್ದೆಯವನು ಕೆಸರು ಕುಡಿಯಬೇಕಾಗುವದು. ಪೆನಿಸಿಲಿನ್ನಿನ ಕೆರೆಯನ್ನು ನಮ್ಮ ಹಿಂದಿನ ತಲೆಮಾರಿನವರೂ ನಾವೂ ಕೂಡಿ ಬಹುಮಟ್ಟಿಗೆ ಕಲಕಿದ್ದೇವೆ. ವಿಜ್ಞಾನಿಗಳ ಪರಿಶ್ರಮದಿಂದ ಈಗ ಹೊಸದೊಂದು ಕೆರೆ ತುಂಬುತ್ತಲಿದೆ. ಅದಿನ್ನೂ ಪೂರ್ಣವಾಗಿ ತುಂಬಿಲ್ಲ; ಅದರ ಏರಿ ಇನ್ನೂ ಹಸಿಯಾಗಿದೆ. ಇದನ್ನಾದರೂ ನಮ್ಮ ಮಕ್ಕಳ ಕಾಲಕ್ಕೆ ತಿಳಿಯಾಗಿ ಉಳಿಸಿಕೊಡುವ ಭಾರವು ಪ್ರಯೋಗಶಾಲೆಗಳ ಮೇಲೆ ಎಷ್ಟಿದೆಯೋ ನಮ್ಮ ಬಚ್ಚಲುಮನೆಗಳ, ನಮ್ಮ ಪ್ರಸಾದನಿಲಯಗಳ, ನಮ್ಮ ಔಷಧದ ಅಂಗಡಿಗಳ ಮೇಲೆಯೂ ಅಷ್ಟೇ ಇದೆ.